ಕಾಲು ಚಾಚುವ ಸೈಕಲ್ಲು

ಬೆಳಗಿನ ವಾಕಿಂಗಿನಲ್ಲಿ ಅತ್ತೆಯ ಬಲಗೈ ನನ್ನ ಎಡ ಮುಂಗೈಯ ಮೇಲೆ ಇರುತ್ತಿತ್ತು. ಹಿಡಿದುಕೊಳ್ಳುತ್ತಿರಲಿಲ್ಲ, ಸುಮ್ಮನೆ ಇಟ್ಟಿರುತ್ತಿದ್ದರು, ಪಕ್ಕದ ಮನೆಯವರ ಕಾಂಪೌಂಡಿನ ಮೇಲೆ ಕೈಯಿಟ್ಟು ಮಾತಾಡುವವರ ಹಾಗೆ. ಮಂಡಿ ನೋವು ಜಾಸ್ತಿಯಾದ ದಿನ ಕೈಯ ತೂಕ ಜಾಸ್ತಿ, ಕಡಿಮೆಯಾದ ದಿನ ಬಳೆಗಳ ತೂಕವಷ್ಟೇ. ಅವರು ಬಾಯಿಬಿಟ್ಟು ಹೇಳುವ ಮೊದಲೇ ನನಗೆ ಗೊತ್ತಾಗುತ್ತಿತ್ತು, ಇವತ್ತು ಕೋಡಿಯವರೆಗೆ ಹೋಗುತ್ತಾರೋ ಇಲ್ಲ ಮೊದಲನೇ ಬೆಂಚಿಗೇ ಕೂರುತ್ತಾರೋ ಅಂತ.

ಬೂದಿಗೆರೆ ರಸ್ತೆಯಿಂದ ಒಳಗೆ ಬಂದರೆ ನಮ್ಮ ಎರಡು ಮನೆಗಳು ಅಕ್ಕಪಕ್ಕ. ಒಂದು ನಮ್ಮದು, ಇನ್ನೊಂದು ಭಾವನವರದು. ನಡುವಿನ ಗೋಡೆಯಲ್ಲಿ ಒಂದು ಸಣ್ಣ ಗೇಟಿದೆ, ಅದಕ್ಕೆ ಚಿಲಕವಿಲ್ಲ. ಅತ್ತೆ ಮಲಗುವುದು ಭಾವನವರ ಮನೆಯಲ್ಲಿ, ಮಧ್ಯಾಹ್ನದ ಊಟ ನಮ್ಮಲ್ಲಿ, ಸಂಜೆ ಎಲ್ಲಿ ಹುರುಳಿ ಬಸ್ಸಾರಿನ ವಾಸನೆ ಬರುತ್ತದೋ ಅಲ್ಲಿ. ಹಿಂದೆ ಕೆರೆ. ಕೆಲವು ವರ್ಷದ ಕೆಳಗೆ ಹೂಳೆತ್ತಿ, ಸುತ್ತ ಇಂಟರ್‌ಲಾಕ್ ಇಟ್ಟಿಗೆ ಹಾಸಿ ಓಡಾಡುವ ದಾರಿ ಮಾಡಿದರು. ಕೋಡಿಯ ಹತ್ತಿರ ಮಾತ್ರ ಇಳಿಜಾರಾದ್ದರಿಂದ ಸಿಮೆಂಟು ಹಾಕಿ ನಯ ಮಾಡಿದ್ದಾರೆ. ಗೇಟಿನಲ್ಲಿ ಒಂದು ಬೋರ್ಡು: ಪಾದಚಾರಿಗಳು ಮತ್ತು ಸೈಕಲ್‌ಗಳಿಗೆ ಮಾತ್ರ. ಬೆಳಗ್ಗೆ ಅಲ್ಲಿ ವಿಮಾನಗಳು ಎಷ್ಟು ಕೆಳಗೆ ಇಳಿಯುತ್ತವೆಂದರೆ ಅತ್ತೆ ಅವನ್ನೇ ಗಡಿಯಾರ ಮಾಡಿಕೊಂಡಿದ್ದರು. "ಮೂರ್ನೇದು ಹೋಯ್ತು ನೋಡಮ್ಮ, ಹಾಲಿನೋನ್ ಬಂದಿರ್ತಾನೆ, ನಡಿ."

ನಾಲ್ಕು ವರ್ಷ ಆ ಒಂದು ಗಂಟೆ ನನ್ನದಾಗಿತ್ತು. ಅತ್ತೆ ನೀರಂಚಿನಲ್ಲಿ ಹೊನಗೊನೆ ಸೊಪ್ಪು ಚಿವುಟುತ್ತಿದ್ದರು, ನಾನು ಚೀಲ ಹಿಡಿದು ನಿಲ್ಲುತ್ತಿದ್ದೆ. ಲೇಔಟಿನ ಮನೆಗಳ ಕಡೆ ಬೆರಳು ಮಾಡಿ, ಇಲ್ಲಿ ನಮ್ಮ ಹೊಲದ ಬದು ಇತ್ತು, ಅಲ್ಲಿ ಸೀಗೆ ಮೆಳೆ ಇತ್ತು, ಹೊಸದಾಗಿ ಮದುವೆಯಾಗಿ ಬಂದಾಗ ಆ ಬದುವಿನಲ್ಲೇ ಸೌತೆಕಾಯಿ ಕದ್ದು ನಮ್ಮ ಮಾವನ ಕೈಗೆ ಸಿಕ್ಕಿಬಿದ್ದೆ ಎಂದೆಲ್ಲ ಹೇಳುತ್ತಿದ್ದರು. ಆ ಸೌತೆಕಾಯಿ ಕಥೆ ಎಷ್ಟು ಸಲ ಕೇಳಿದ್ದೆನೋ. ಅದು ನನಗೊಬ್ಬಳಿಗೇ ಹೇಳುವ ಕಥೆ ಎಂದುಕೊಂಡಿದ್ದೆ.

ಭಾವನವರ ಹೆಂಡತಿ, ನನ್ನ ಓರಗಿತ್ತಿ, ಸಾಸಲಿನ ಕಡೆಯವಳು. ನನಗಿಂತ ಏಳು ವರ್ಷ ಮುಂಚೆ ಈ ಮನೆಗೆ ಬಂದವಳು. ಎದುರಿಗೆ ನಾನು 'ಅಕ್ಕ, ನೀವು' ಎಂದೇ ಅನ್ನುವುದು. ಮನಸ್ಸಿನಲ್ಲಿ ಮಾತ್ರ ಏಕವಚನ. ಇಲ್ಲೂ ಹಾಗೇ ಬರೆದುಬಿಡುತ್ತೇನೆ. ಅವಳ ದನಿ ಕೆರೆಯ ಆಚೆ ದಡಕ್ಕೆ ಕೇಳಿಸುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಯಿತು ಎನ್ನುವುದನ್ನು ಹೊಸಬರಿಗೆ ಮೊದಲನೇ ಮಾತಿನಲ್ಲೇ ಹೇಳಿಬಿಡುತ್ತಾಳೆ. ಅತ್ತೆ ಅವಳನ್ನು ಕರೆಯುವುದು 'ಲೇ ಸಾಸ್ಲೋಳೆ' ಎಂದು. ಜಗಳವಿದ್ದಾಗ 'ಲೇ ಕತ್ತೆ'. ನನ್ನನ್ನು ಮಾತ್ರ 'ಬಾಮ್ಮ', 'ಕೂತ್ಕಳಮ್ಮ', 'ತಿಂಡಿ ಆಯ್ತೇನಮ್ಮ'.

ನನಗಿರುವ ಮರ್ಯಾದೆ ಅವಳಿಗಿಲ್ಲ ಎಂದು ಮೊದಮೊದಲು ಒಳಗೊಳಗೇ ಹಿಗ್ಗಿದ್ದೆ. ಇನ್ನೊಂದನ್ನೂ ಗಮನಿಸಿದ್ದೆ. ಅವರಿಬ್ಬರೂ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯಲು ಕೂತರೆ ನಾಲ್ಕು ಕಾಲೂ ಉದ್ದಕ್ಕೆ ಚಾಚಿರುತ್ತಿದ್ದವು, ನಡುವೆ ಮೊರ. ನಾನು ಸಣ್ಣ ಗೇಟು ದಾಟಿ ಬಂದೊಡನೆ ಅತ್ತೆ ಎರಡು ಕಾಲನ್ನೂ ಮಡಚಿ, ಸೀರೆ ಎಳೆದುಕೊಂಡು, ನೆಟ್ಟಗೆ ಕೂರುತ್ತಿದ್ದರು. ಓರಗಿತ್ತಿಯ ಕಾಲು ಚಾಚಿದ ಹಾಗೇ ಇರುತ್ತಿತ್ತು. ಅತ್ತೆ ಕಾಲು ಮಡಚುವುದೂ ನನಗೆ ಸಲ್ಲುವ ಗೌರವವೆಂದೇ ಲೆಕ್ಕ ಹಾಕಿಕೊಂಡಿದ್ದೆ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಹೇಗೆ ಕೂರಬೇಕು ಎನ್ನುವುದಕ್ಕೇ ನಮಗೆ ವಾರಕ್ಕೊಂದು ಪೀರಿಯಡ್ ಇತ್ತು. ಮಂಡಿಗೆ ಮಂಡಿ ತಾಗಿರಬೇಕು, ಪಾದಗಳು ಕುರ್ಚಿಯ ಕೆಳಗೆ, ಕೈಗಳು ಮಡಿಲಲ್ಲಿ. ಸಿಸ್ಟರ್ ಮರದ ಸ್ಕೇಲನ್ನು ಮಂಡಿಗಳ ನಡುವೆ ತೂರಿಸಲು ನೋಡುತ್ತಿದ್ದರು. ತೂರಿದರೆ ಪೂರ್ತಿ ಪೀರಿಯಡ್ ನಿಂತಿರಬೇಕು. ಮನೆಗೆ ಬಂದರೆ ಅಮ್ಮನದೂ ಅದೇ ಪಾಠ, ಬೇರೆ ಮಾತಿನಲ್ಲಿ: ಹಿರಿಯರ ಎದುರು ಕಾಲು ಚಾಚಬಾರದು, ಅಂಗಾಲು ತೋರಿಸಬಾರದು, ತಪ್ಪಿ ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಎರಡೂ ಕಡೆಯಿಂದ ಮಡಚಿಸಿಕೊಂಡ ಕಾಲು ನನ್ನದು. ಮದುವೆಯಾಗಿ ಇಪ್ಪತ್ತೊಂದು ವರ್ಷವಾಯಿತು. ಬಾಣಂತಿಯಾಗಿ ಮಲಗಿದ್ದಾಗಲೂ ಅತ್ತೆ ಕೋಣೆಗೆ ಬಂದರೆ ಮಂಡಿ ಎತ್ತಿಕೊಳ್ಳುತ್ತಿದ್ದೆ.

ಓರಗಿತ್ತಿ ಮೊದಲು ಸ್ಕೂಟಿ ಓಡಿಸುತ್ತಿದ್ದಳು. ಒಂದು ದಿನ ಅಡುಗೆಮನೆಯಲ್ಲಿ ತಲೆಸುತ್ತಿ ಗೋಡೆ ಹಿಡಿದು ಕುಸಿದಳು. ಕಿವಿಯೊಳಗಿನ ತೊಂದರೆ, ಸಮತೋಲ ತಪ್ಪುತ್ತದೆ, ಎರಡು ಚಕ್ರದ ಗಾಡಿ ಮುಟ್ಟಬೇಡಿ ಎಂದರು ಡಾಕ್ಟರು. ಆಮೇಲೆ ಒಂದು ವರ್ಷ ಅವಳು ಮನೆ ಮುಂದಿನ ಕಲ್ಲಿನ ಮೇಲೆ ಕೂತಿರುತ್ತಿದ್ದಳು. ನಾನೂ ಅತ್ತೆಯೂ ಕೈ ಮೇಲೆ ಕೈಯಿಟ್ಟು ವಾಕಿಂಗಿಗೆ ಹೊರಟಾಗ ಅಲ್ಲಿಂದಲೇ ಕೂಗುತ್ತಿದ್ದಳು, "ನನ್ ಪಾಲಿಂದೂ ನಡ್ಕಂಡ್ ಬನ್ನಿ." ಆಗ ನನಗೆ ಅವಳ ಮೇಲೆ ನಿಜವಾಗಿ ಪ್ರೀತಿಯಿತ್ತು. ಕಲ್ಲಿನ ಮೇಲೆ ಕೂತವರನ್ನು ಪ್ರೀತಿಸುವುದು ಸುಲಭ.

ಅವಳ ತಮ್ಮನಿಗೆ ದೊಡ್ಡಬಳ್ಳಾಪುರದಲ್ಲಿ ಗೇಟು, ಗ್ರಿಲ್ಲು ವೆಲ್ಡಿಂಗ್ ಮಾಡುವ ಅಂಗಡಿ. ಫೋನಿನಲ್ಲಿ ಯಾವುದೋ ವಿಡಿಯೋ ನೋಡಿ, ಎರಡು ಹಳೆಯ ಸೈಕಲ್ ಕತ್ತರಿಸಿ ಅವನೊಂದು ಗಾಡಿ ಮಾಡಿದ. ಗೂಡ್ಸ್ ಆಟೋದಿಂದ ಅದನ್ನು ಇಳಿಸಿದಾಗ ಯಾರಿಗೂ ಅದು ಏನೆಂದು ಅರ್ಥವಾಗಲಿಲ್ಲ. ಮುಂದೆ ಎರಡು ಚಕ್ರ, ಹಿಂದೆ ಒಂದು. ನಡುವೆ ನೆಲದಿಂದ ಒಂದೂವರೆ ಗೇಣು ಎತ್ತರದಲ್ಲಿ ಹಿಂದಕ್ಕೆ ವಾಲಿದ ಸೀಟು, ಪ್ಲಾಸ್ಟಿಕ್ ವೈರಿನಲ್ಲಿ ಹೆಣೆದದ್ದು. ಪೆಡಲ್ ಕೆಳಗಿಲ್ಲ, ಉದ್ದನೆಯ ಪೈಪಿನ ತುದಿಯಲ್ಲಿ, ಎಲ್ಲಕ್ಕಿಂತ ಮುಂದಿದೆ. ಹ್ಯಾಂಡಲ್ಲು ಸೊಂಟದ ಎರಡು ಪಕ್ಕಕ್ಕೆ. ಮೂರು ಚೈನು ಜೋಡಿಸಿ ಒಂದು ಮಾಡಿದ್ದಾನೆ. ಒಂದು ಮಡ್‌ಗಾರ್ಡ್ ಹಸಿರು, ಇನ್ನೊಂದು ಕಪ್ಪು.

ಓರಗಿತ್ತಿ ಅದರಲ್ಲಿ ಒರಗಿ, ಎರಡೂ ಕಾಲು ಮುಂದಕ್ಕೆ ಚಾಚಿ ಪೆಡಲ್ ಮೇಲಿಟ್ಟಳು. ಭಾವ ನೋಡಿ, "ಹಿಂಗೆ ಮಲ್ಕೊಂಡು ಹೋದ್ರೆ ಜನ ಹಾರ ಹಾಕ್ಬಿಡ್ತಾರೆ ಕಣೆ," ಅಂದರು.

"ಹಾಕ್ಲಿ ಬಿಡಿ. ಮದ್ವೆ ಆದ್ಮೇಲೆ ಯಾರೂ ಹಾಕಿಲ್ಲ."

ಗಾಡಿ ತುಂಬಾ ತಗ್ಗು, ಎದುರಿನವರಿಗೆ ಕಾಣಬೇಕು, ಹಿಂದೆ ಕೋಲು ಕಟ್ಟಿ ಬಾವುಟ ಹಾಕಿ ಎಂದು ತಮ್ಮ ಹೇಳಿದ. ಅತ್ತೆ ಒಳಗೆ ಹೋದರು. ಬಟ್ಟೆ ಹರಿದ ಸದ್ದು ನನಗೆ ಅಂಗಳದವರೆಗೂ ಕೇಳಿಸಿತು. ಹೊರಗೆ ಬಂದಾಗ ಅವರ ಕೈಯಲ್ಲಿ ಗಿಣಿಹಸಿರು ಬಣ್ಣದ, ಕೆಂಪಂಚಿನ ಒಂದು ತುಂಡಿತ್ತು. ಆ ಸೀರೆಯನ್ನು ನಾನು ಎರಡು ಸಲ ಕೇಳಿದ್ದೆ, ಹೊದಿಕೆಗೆ ಒಳಬಟ್ಟೆ ಮಾಡಿಕೊಳ್ಳುತ್ತೇನೆ, ಮೆತ್ತಗಿದೆ ಎಂದು. "ಇನ್ನೂ ಉಡ್ತೀನಮ್ಮ," ಎಂದಿದ್ದರು. ಈಗ ಅದರ ಸೆರಗು ಕೋಲಿನ ತುದಿಯಲ್ಲಿ ಪಟಪಟ ಅನ್ನುತ್ತಿತ್ತು.

ಮರುದಿನ ಬೆಳಗ್ಗೆ ಮೂವರೂ ಹೊರಟೆವು. ಕೆರೆಯ ಗೇಟಿನವರೆಗೆ ಅತ್ತೆಯ ಕೈ ನನ್ನ ಮುಂಗೈಯ ಮೇಲೇ ಇತ್ತು. ದಾರಿ ಶುರುವಾದ ಮೇಲೆ ಓರಗಿತ್ತಿ ನಡಿಗೆಯಷ್ಟೇ ನಿಧಾನವಾಗಿ ತುಳಿಯತೊಡಗಿದಳು. ಸೀಟಿನ ಬೆನ್ನಿಗೆ ಮೇಲೆ ಒಂದು ಅಡ್ಡ ಪೈಪು ಇದೆ, ಸರಿಯಾಗಿ ಅತ್ತೆಯ ಸೊಂಟದ ಎತ್ತರಕ್ಕೆ ಬರುತ್ತದೆ. ಅತ್ತೆ ಒಂದು ಸಲ ಮುಟ್ಟಿ ನೋಡಿದರು. ಇನ್ನೊಂದು ಸಲ ಹಿಡಿದರು. ಆಮೇಲೆ ಎರಡು ಕೈಯನ್ನೂ ಅದರ ಮೇಲಿಟ್ಟುಬಿಟ್ಟರು.

"ಅಯ್ಯ, ಇದ್ ಎಷ್ಟ್ ಚೆನ್ನಾಗೈತೆ. ಮಂಡಿ ಮ್ಯಾಲೆ ಭಾರಾನೇ ಬೀಳಲ್ಲ."

ನನ್ನ ಮುಂಗೈ ಒಂದು ಸ್ವಲ್ಪ ದೂರ ಹಾಗೇ ಮಡಚಿಕೊಂಡು ಬಂತು. ಆಮೇಲೆ ನಾನೇ ಅದನ್ನು ಕೆಳಗೆ ಬಿಟ್ಟೆ. ದಾರಿಯ ಅಗಲಕ್ಕೆ ಗಾಡಿ ಮತ್ತು ಅತ್ತೆ, ಅಷ್ಟೇ ಹಿಡಿಯುತ್ತಿತ್ತು. ನಾನು ಬಾವುಟದ ಹಿಂದೆ ನಡೆದೆ.

"ಲೇ ಸಾಸ್ಲೋಳೆ, ಮೆತ್ತಗ್ ತುಳಿಯೇ, ಕೈ ಬಿಟ್ಕಂಡ್ ಹೋಗ್ತದೆ."

"ಗಟ್ಟಿಗ್ ಹಿಡ್ಕಳಿ ಅತ್ತೆ. ನಾನ್ ಬ್ರೇಕ್ ಹಾಕಿದ್ರೆ ನೀವು ನನ್ ತಲೆ ಮ್ಯಾಲ್ ಬೀಳ್ತೀರ."

"ಬಿದ್ರೇನು? ಪೆಟ್ಟಾಗಕೆ ನಿನ್ ತಲೇಲಿ ಏನೈತೆ?"

ಎದುರಿಗೆ ಬರುವವರಿಗೆಲ್ಲ ಮೊದಲು ಕಾಣಿಸುತ್ತಿದ್ದುದು ಅವಳ ಅಂಗಾಲು. ಹವಾಯಿ ಚಪ್ಪಲಿಯ ಅಡಿ, ಅದರ ಅಂಚಿನಲ್ಲಿ ಒಡೆದ ಹಿಮ್ಮಡಿ. ನನಗೇ ಮುಖ ಬಿಸಿಯಾಗುತ್ತಿತ್ತು. ಬೆಳಗ್ಗೆ ಬಿಳಿ ಷೂ ಹಾಕಿಕೊಂಡು ಬರುವ ವಯಸ್ಸಾದ ಯಜಮಾನರೊಬ್ಬರು ತಮ್ಮ ಕಡೆ ಬರುತ್ತಿದ್ದ ಎರಡು ಪಾದಗಳನ್ನು ನೋಡಿ ಹುಲ್ಲಿಗಿಳಿದು ನಿಂತರು. ಇವಳು ನಿಲ್ಲಿಸಲೂ ಇಲ್ಲ. "ತಪ್ ತಿಳ್ಕಬೇಡಿ ಯಜಮಾನ್ರೆ, ಗಾಡಿ ಇರೋದೇ ಹಿಂಗೆ."

"ಬೆಳಬೆಳಗ್ಗೆ ಪಾದದರ್ಶನ ಆಯ್ತು, ಬಿಡಮ್ಮ," ಎಂದು ಅವರು ನಕ್ಕುಬಿಟ್ಟರು. ನಾಲ್ಕು ವರ್ಷ ದಿನಾ ಎದುರಾಗಿದ್ದೇವೆ. ನನ್ನ ಜೊತೆ ಅವರು ಒಂದು ಮಾತೂ ಆಡಿರಲಿಲ್ಲ. ನಾನೂ ತಲೆತಗ್ಗಿಸಿಕೊಂಡೇ ಹೋಗುತ್ತಿದ್ದೆ, ಅದು ಬೇರೆ ವಿಷಯ.

ಒಂದು ವಾರ ಕಳೆದಿರಬಹುದು. ಲೇಔಟಿನ ಮೂಲೆಗೆ ಬಂದಾಗ ಅತ್ತೆ ಸೌತೆಕಾಯಿ ಕಥೆ ತೆಗೆದರು. ನಾನು ಹಿಂದಿನಿಂದ ಮನಸ್ಸಿನಲ್ಲೇ ಅವರಿಗಿಂತ ಒಂದು ಮಾತು ಮುಂದೆ ಹೇಳಿಕೊಳ್ಳುತ್ತಾ ಬಂದೆ. ನಮ್ಮ ಮಾವ ಬಂದರು, ಕೆಮ್ಮಿದರು, ನಾನು ಓಡಿದೆ. ಅಲ್ಲಿಗೆ ಕಥೆ ಮುಗಿಯಬೇಕು. ಮುಗಿಯಲಿಲ್ಲ. "ಓಡೋಗಿ ರಾಗಿ ಮೆದೆ ಹಿಂದೆ ಬಚ್ಚಿಟ್ಕಂಡೆ ಕಣೆ. ನೋಡಿದ್ರೆ ಅಲ್ಲಿ ಮೊದ್ಲೇ ನಿಮ್ ಮಾವ ನಿಂತವ್ರೆ. ಅವ್ರೂ ಸೌತೆಕಾಯಿ ಕದ್ದವ್ರೆ. ಆಮೇಲೆ ಇಬ್ರೂ ಅಲ್ಲೇ..." ಎಂದು ಅತ್ತೆ ದನಿ ತಗ್ಗಿಸಿದರು. ಉಳಿದದ್ದು ನನಗೆ ಕೇಳಿಸಲಿಲ್ಲ. ಓರಗಿತ್ತಿ ಪೆಡಲ್ ಬಿಟ್ಟು ಹೊಟ್ಟೆ ಹಿಡಿದುಕೊಂಡಳು. ಗಾಡಿ ನಿಂತಿತು. ಅತ್ತೆ ಪೈಪಿನ ಮೇಲೆ ತಲೆಯಿಟ್ಟು ನಗುತ್ತಿದ್ದರು. ಅವರ ಬೆನ್ನು ಅಲುಗುತ್ತಿತ್ತು.

ನನಗೆ ಹೇಳುವಾಗ ಆ ಕಥೆಯಲ್ಲಿ ರಾಗಿ ಮೆದೆ ಇರಲೇ ಇಲ್ಲ.

ಹೊಟ್ಟೆಕಿಚ್ಚು ಎನ್ನುವ ಮಾತು ಎಷ್ಟು ಸರಿಯಾದ ಮಾತೆಂದು ಆಗ ತಿಳಿಯಿತು. ಅದು ಎದೆಯಲ್ಲಿ ಆಗುವುದಲ್ಲ. ಹೊಕ್ಕುಳ ಮೇಲೆ, ಬೆಳಗಿನ ಕಾಫಿ ಇಳಿಯುವ ಜಾಗದಲ್ಲಿ ನಿಜವಾಗಿ ಉರಿಯುತ್ತದೆ. ಶಾಲೆಯಲ್ಲಿ ಕ್ರಿಶ್ಚಿಯನ್ ಹುಡುಗಿಯರು ತಿಂಗಳಿಗೊಮ್ಮೆ ಪಾದ್ರಿಗಳ ಹತ್ತಿರ ತಪ್ಪೊಪ್ಪಿಗೆಗೆ ಸಾಲಿನಲ್ಲಿ ಹೋಗುತ್ತಿದ್ದರು. ನಾವು ಉಳಿದವರು ಕ್ಲಾಸಿನಲ್ಲಿ ಕೂತು ನೀತಿಪಾಠದ ನೋಟ್ಸು ಬರೆಯುತ್ತಿದ್ದೆವು. ಅವರು ಹಗುರಾಗಿ ನಗುತ್ತಾ ಬರುವುದನ್ನು ನೋಡಿ ಆಗಲೂ ನನಗೆ ಉರಿಯುತ್ತಿತ್ತು. ಅಂದರೆ ಇದು ಹೊಸ ಕಾಯಿಲೆಯೇನಲ್ಲ.

ಹಾಗಿರುವಾಗ ಒಂದು ಸಂಜೆ ನಾನೊಬ್ಬಳೇ ಕೆರೆಯ ಕಡೆ ಹೋಗಿದ್ದೆ. ಗೇಟಿನಲ್ಲಿ ಕೂರುವ ವಾಚ್‌ಮನ್ ಎದ್ದು ನಿಂತು ಕೇಳಿದ, "ಮೇಡಂ, ನಿಮ್ ಮನೆಯೋರ್ ಆ ಮೂರ್ ಚಕ್ರದ್ ಗಾಡಿ ತರ್ತಾರಲ್ಲ, ಅದು ಸೈಕಲ್ ಲೆಕ್ಕಾನಾ? ಬಿಡ್ಬಹುದಾ?"

ಬಿಡಬಹುದು ಎಂದರೆ ಮುಗಿದಿತ್ತು. ನಾನು ಬೋರ್ಡಿನ ಕಡೆ ನೋಡಿದೆ. ಮೆಲ್ಲಗೆ, ತುಂಬಾ ಒಳ್ಳೆಯ ದನಿಯಲ್ಲಿ ಅಂದೆ, "ನಿಯಮ ಏನಿದೆಯೋ ನೋಡಿ."

ಮರುದಿನ ಅವನು ಗೇಟಿಗೆ ಅಡ್ಡ ನಿಂತ. "ಮೂರ್ ಚಕ್ರ ಇದ್ರೆ ಆಟೋ ಲೆಕ್ಕ, ಒಳಗ್ ಬಿಡಂಗಿಲ್ಲ."

"ಆಟೋನಾ?" ಅತ್ತೆ ಪೈಪು ಬಿಟ್ಟು ಮುಂದೆ ಬಂದರು. "ಹಂಗಾರೆ ಮೀಟ್ರು ಎಲ್ಲೈತೆ ತೋರ್ಸಪ್ಪ."

"ಅಲ್ಲ ಅಜ್ಜಿ, ರೂಲ್ಸು..."

"ಪೆಡಲ್ ಐತೆ, ಬೆಲ್ ಐತೆ, ತುಳುದ್ರೆ ಬೆವ್ರು ಬತ್ತದೆ," ಮಲಗಿದಲ್ಲಿಂದಲೇ ಓರಗಿತ್ತಿ ಕೂಗಿದಳು. "ಇನ್ನೇನ್ ಬೇಕು ಗುರು ನಿಂಗೆ? ಸೈಕಲ್ಲೇ ಇದು."

"ಯಾರೋ ಹೇಳಿದ್ರು, ನಿಯಮ ನೋಡಿ ಅಂತ," ಅಂದ ವಾಚ್‌ಮನ್. ನನ್ನ ಕಡೆ ನೋಡಬಾರದೆಂದು ಅವನು ಎಷ್ಟು ಕಷ್ಟಪಟ್ಟನೆಂದರೆ ಕತ್ತು ಪೂರ್ತಿ ಆ ಕಡೆ ತಿರುಗಿಹೋಗಿತ್ತು. ನಾನು ನೀರಿನಲ್ಲಿದ್ದ ನಾಮಕೋಳಿಗಳನ್ನು ಎಣಿಸುತ್ತಿದ್ದೆ. ಅತ್ತೆ ಅವನ ತಿರುಗಿದ ಕತ್ತನ್ನು ನೋಡಿದರು. ಆಮೇಲೆ, "ನೀನ್ ತುಳಿಯೇ ಲೇ," ಎಂದು ಪೈಪಿಗೆ ಕೈಯಿಟ್ಟು ಗಾಡಿಯನ್ನು ಒಳಗೆ ನೂಕಿದರು. ವಾಚ್‌ಮನ್ ಪಕ್ಕಕ್ಕೆ ಸರಿದ.

ಆ ಗಾಡಿ ಓಡಿಸುವ ಆಸೆ ನನಗೂ ಇತ್ತು ಎಂದು ಇಲ್ಲಿ ಬರೆಯದಿದ್ದರೆ ಮೇಲೆ ಬರೆದದ್ದೆಲ್ಲ ಅರ್ಧ ಸುಳ್ಳಾಗುತ್ತದೆ. ನನಗೆ ಸೈಕಲ್ ಬರುವುದಿಲ್ಲ. ನಮ್ಮ ಕಾಲದಲ್ಲಿ ಬಹಳ ಹುಡುಗಿಯರು ಸೈಕಲ್ಲಿನಲ್ಲೇ ಶಾಲೆಗೆ ಬರುತ್ತಿದ್ದರು. ನಾನು ಮಾತ್ರ ಕೊನೆಯವರೆಗೂ ಆಟೋದಲ್ಲಿ, ಊಟದ ಡಬ್ಬಿ ಮಡಿಲಲ್ಲಿಟ್ಟುಕೊಂಡು. ಬಿದ್ದು ಮಂಡಿ ಕೆತ್ತಿಕೊಂಡರೆ ಹೆಣ್ಣುಮಗು ಎಂದು ಅಪ್ಪ ಬಿಡಲಿಲ್ಲ. ಬೀಳಲು ಸಾಧ್ಯವೇ ಇಲ್ಲದ ಸೈಕಲ್ಲೊಂದು ಈ ವಯಸ್ಸಿನಲ್ಲಿ ಮನೆಗೆ ಬಂದಿದೆ, ಬಂದು ಪಕ್ಕದ ಅಂಗಳದಲ್ಲಿ ನಿಂತಿದೆ. ಓರಗಿತ್ತಿ ಮೂರು ಸಲ ಕರೆದಿದ್ದಳು. ಮೂರು ಸಲವೂ ಬೇಡ ಎಂದಿದ್ದೆ. ಒಂದು ಸಲ ಅತ್ತೆಗೆ ಕೇಳಿಸುವ ಹಾಗೆ, "ಅದರಲ್ಲಿ ಕೂತರೆ ನೋಡೋಕೆ ಚೆನ್ನಾಗಿರಲ್ಲ ಅಕ್ಕ," ಎಂದೂ ಸೇರಿಸಿದ್ದೆ.

ತಮ್ಮನ ಮಗಳ ಸೀಮಂತಕ್ಕೆಂದು ಓರಗಿತ್ತಿ ಎರಡು ದಿನ ಸಾಸಲಿಗೆ ಹೊರಟಳು. ಹೋಗುವಾಗ ಗೋಡೆಯ ಮೊಳೆ ತೋರಿಸಿದಳು. "ಬೀಗದ ಕೈ ಇಲ್ಲೈತೆ. ಓಡ್ಸು ಕಣೆ, ಯಾರೂ ಇರಲ್ಲ ನಗಾಡಕ್ಕೆ."

"ಬೇಡಕ್ಕ, ನನಗೆ ಅಭ್ಯಾಸ ಇಲ್ಲ."

"ಮಲ್ಕಳಕ್ಕೂ ಅಭ್ಯಾಸ ಬೇಕಾ ನಿಂಗೆ?"

ಮರುದಿನ ಬೆಳಗ್ಗೆ ಅತ್ತೆ ಮಂಡಿ ಹಿಡಿದುಕೊಂಡಿದೆ, ಬರಲ್ಲ ಎಂದರು. ಅವಳಿಲ್ಲದಿದ್ದರೆ ನನ್ನ ಕೈ ಮತ್ತೆ ಬೇಕಾಗುತ್ತದೆ ಎಂದು ರಾತ್ರಿಯೇ ಲೆಕ್ಕ ಹಾಕಿದ್ದೆ. ಅದೂ ಹೋಯಿತು. ಸಿಟ್ಟಿಗೋ ಏನೋ, ಮೊಳೆಯಿಂದ ಬೀಗದ ಕೈ ತೆಗೆದೆ.

ಕೆರೆಯ ದಾರಿಯಲ್ಲಿ ಯಾರೂ ಇಲ್ಲದ ಕಡೆ ನಿಲ್ಲಿಸಿ, ಹಿಂದೆ ಮುಂದೆ ನೋಡಿ, ದುಪಟ್ಟಾವನ್ನು ಸೊಂಟಕ್ಕೆ ಬಿಗಿದುಕೊಂಡು ಕೂತೆ. ಕೂತೆ ಅನ್ನುವುದಕ್ಕಿಂತ ಇಳಿದೆ. ಸೀಟು ಬೆನ್ನನ್ನು ಹಿಡಿದುಕೊಂಡಿತು. ಒಂದು ಕಾಲು ಎತ್ತಿ ಪೆಡಲ್ ಮೇಲಿಟ್ಟೆ, ಇನ್ನೊಂದನ್ನೂ ಇಟ್ಟೆ. ನನ್ನ ಎರಡು ಪಾದ ನನ್ನ ಕಣ್ಣೆದುರಿಗೆ, ಅಷ್ಟು ದೂರದಲ್ಲಿ, ಬೇರೆ ಯಾರವೋ ಎನ್ನುವ ಹಾಗೆ ನಿಂತಿದ್ದವು. ತುಳಿದೆ. ಗಾಡಿ ಹೊರಟಿತು. ಬೀಳಲಿಲ್ಲ. ಬೀಳಲಿಲ್ಲ ಎಂದು ನಾನು ಗಟ್ಟಿಯಾಗಿ ಹೇಳಿಕೊಂಡೆನೆಂದು ಕಾಣುತ್ತದೆ, ಬೆಂಚಿನ ಕೆಳಗಿದ್ದ ನಾಯಿ ತಲೆಯೆತ್ತಿತು.

ದಿನಾ ನೋಡುವ ದಾರಿ ಆ ಎತ್ತರದಿಂದ ಬೇರೆಯಾಗಿತ್ತು. ಹೊಂಗೆ ಎಲೆಗಳ ಅಡಿಭಾಗ ಕಾಣಿಸಿತು. ಕಲ್ಲು ಬೆಂಚಿನ ತಳದಲ್ಲಿ ಎಲೆಯಡಿಕೆ ಹಾಕುವವರು ಯಾರೋ ಒರೆಸಿದ್ದ ಸುಣ್ಣದ ಬೆರಳ ಗುರುತುಗಳಿದ್ದವು. ಇಟ್ಟಿಗೆಗಳ ಸಂದಿಯಲ್ಲಿ ಗರಿಕೆ. ಪ್ರತಿ ಇಟ್ಟಿಗೆಯೂ ಬೆನ್ನಿಗೆ ಟಕಟಕ ಅಂದು ತನ್ನನ್ನು ಪರಿಚಯಿಸಿಕೊಳ್ಳುತ್ತಿತ್ತು. ತಲೆಯ ಹಿಂದೆ ಅತ್ತೆಯ ಗಿಣಿಹಸಿರು ಸೆರಗು ಪಟಪಟ. ತಲೆ ಎತ್ತಿ ನೋಡುವ ಅಗತ್ಯವೇ ಇಲ್ಲದೆ ಪೂರ್ತಿ ಆಕಾಶ. ಮೊದಲನೇ ವಿಮಾನ ಬಂತು, ನನ್ನ ಎರಡು ಹೆಬ್ಬೆರಳ ನಡುವೆ ನಿಧಾನವಾಗಿ ಇಳಿದು ಹೋಯಿತು. ಇಷ್ಟೊಂದನ್ನು ಅವಳು ದಿನಾ ನೋಡುತ್ತಿದ್ದಳು, ಒಂದು ದಿನವೂ ಹೇಳಲಿಲ್ಲವಲ್ಲ ಎಂದು ಆ ಸುಖದ ನಡುವೆಯೂ ಉರಿಯಿತು.

ಕೋಡಿಯ ಹತ್ತಿರ ಸಿಮೆಂಟಿನ ಇಳಿಜಾರು ಬಂತು. ಇಟ್ಟಿಗೆಯ ಟಕಟಕ ನಿಂತು ಚಕ್ರಗಳು ಸುಯ್ಯೆಂದವು. ಆಗ ಕೆಳಗಿನಿಂದ, ಕೋಲೂರಿಕೊಂಡು, ಕೈಯಲ್ಲಿ ಸೊಪ್ಪಿನ ಚೀಲ ಹಿಡಿದು ಅತ್ತೆ ಹತ್ತಿ ಬರುತ್ತಿದ್ದರು. ಮಂಡಿ ಸ್ವಲ್ಪ ಬಿಟ್ಟಿತಂತೆ, ಸೊಪ್ಪಿಗೆಂದು ಹಿಂದಿನ ದಾರಿಯಿಂದ ಬಂದಿದ್ದರಂತೆ.

ಅತ್ತೆ ನೆಟ್ಟಗೆ ನನ್ನೆದುರಿಗಿದ್ದರು. ನನ್ನ ಎರಡು ಅಂಗಾಲೂ ನೆಟ್ಟಗೆ ಅವರ ಮುಖಕ್ಕಿದ್ದವು.

ಯೋಚನೆ ಮಾಡಿ ಮಾಡಿದ್ದಲ್ಲ. ಇಪ್ಪತ್ತೊಂದು ವರ್ಷದ ಅಭ್ಯಾಸ. ಕಾಲು ತಾನಾಗಿ ಪೆಡಲ್ ಬಿಟ್ಟು ಹಿಂದಕ್ಕೆ ಮಡಚಿಕೊಂಡಿತು. ಹಿಂದಕ್ಕೆ ಅಂದರೆ ಎಲ್ಲಿಗೆ, ಗಾಡಿಯಲ್ಲಿ ಜಾಗವಿಲ್ಲ. ಬಲಗಾಲಿನ ಹಿಮ್ಮಡಿ ಸಿಮೆಂಟಿಗೆ ತಾಗಿತು. ಗಾಡಿ ಮುಂದಕ್ಕೆ ಹೋಗುತ್ತಿತ್ತು, ಕಾಲು ನಿಂತುಬಿಟ್ಟಿತು. ಪಾದವನ್ನು ಒಳಗೆ ಎಳೆದುಕೊಂಡು ಗಾಡಿ ಅದರ ಮೇಲೆಯೇ ಹತ್ತಿತು. ಬ್ರೇಕು ಕೈಯಲ್ಲೇ ಇದೆ ಎನ್ನುವುದು ನನಗೆ ಮರೆತೇಹೋಗಿತ್ತು.

"ಲೇ! ಕಾಲ್ ಎತ್ತೇ! ಲೇ ಕತ್ತೆ, ಕಾಲ್ ಎತ್ತೇ ಮ್ಯಾಲಕ್ಕೆ! ಬ್ರೇಕ್ ಹಿಡಿಯೇ!"

ಹಿಡಿದೆ. ಮುಂದಿನ ಒಂದು ಚಕ್ರ ಹುಲ್ಲಿಗೆ ಹತ್ತಿ, ಸೊಪ್ಪಿನ ಚೀಲಕ್ಕೆ ಒಂದು ಗೇಣು ಉಳಿದಿರುವಾಗ ಗಾಡಿ ನಿಂತಿತು. ಹಸಿರು ಮಡ್‌ಗಾರ್ಡ್ ಸೊಟ್ಟಗಾಗಿತ್ತು. ಪಾದದ ಗಂಟಿನಲ್ಲಿ ಬೆಂಕಿ. ಅಷ್ಟು ನೋವಿನಲ್ಲೂ ನನ್ನ ಕಿವಿ ಒಂದೇ ಮಾತನ್ನು ಹಿಡಿದುಕೊಂಡಿತ್ತು. ಲೇ ಎಂದಿದ್ದರು. ಎರಡು ಸಲ. ಒಂದು ಸಲ ಕತ್ತೆ ಸಹಿತ.

ಅತ್ತೆ ಕೋಲು ಬಿಸಾಕಿ ಬಂದು ನನ್ನ ಕಾಲನ್ನು ಮುಂದಿನ ಚಕ್ರಗಳ ನಡುವಿನ ಪೈಪಿನ ಕೆಳಗಿನಿಂದ ಬಿಡಿಸಿದರು. ನಾನು ಆಗಲೂ ಹೇಳಿದ್ದು, "ತಪ್ಪಾಯ್ತು ಅತ್ತೆ. ಕಾಲು ನಿಮ್ಮ ಕಡೆ ಇತ್ತು."

"ಏನು?"

"ಕಾಲು ನಿಮ್ಮ ಕಡೆಗಿತ್ತು. ಅದಕ್ಕೆ ತೆಗೆದೆ."

ಅವರು ಒಂದು ಸಲ ನನ್ನ ಮುಖ ನೋಡಿದರು, ಒಂದು ಸಲ ಕಾಲು ನೋಡಿದರು. "ನಾನೇನ್ ಗುಡಿನೇನೇ?" ಎಂದು ಕೇಳಿದರು. ನಗಲಿಲ್ಲ.

ಎದ್ದು ನಿಲ್ಲಲು ಆಗಲಿಲ್ಲ. ಅತ್ತೆ ನನ್ನನ್ನು ಮತ್ತೆ ಅದೇ ಸೀಟಿನಲ್ಲಿ ಒರಗಿಸಿ, ಎರಡೂ ಕಾಲನ್ನು ತಾವೇ ಎತ್ತಿ ಪೆಡಲಿನ ಪೈಪಿನ ಮೇಲಿಟ್ಟು, ಕೋಲನ್ನೂ ಸೊಪ್ಪಿನ ಚೀಲವನ್ನೂ ನನ್ನ ಮಡಿಲಿಗೆ ಹಾಕಿ, ಹಿಂದಿನಿಂದ ನೂಕತೊಡಗಿದರು. ಬೇಡ ಅತ್ತೆ, ನಿಮ್ಮ ಮಂಡಿ, ಎಂದೆ. "ಸುಮ್ನೆ ಮಲ್ಕಳೇ," ಅಂದರು. ಅವರ ಕೈಗಳು ನನ್ನ ತಲೆಯ ಹಿಂದೆ ಎಲ್ಲೋ ಇದ್ದವು. ಕಾಣಿಸುತ್ತಿರಲಿಲ್ಲ. ಬಳೆಗಳು ಪೈಪಿಗೆ ತಾಗುವ ಸದ್ದು ಮಾತ್ರ. ಬಿಳಿ ಷೂ ಯಜಮಾನರು ಎದುರಾದರು, ಹುಲ್ಲಿಗಿಳಿದು ನಿಂತು ನನ್ನ ಅಂಗಾಲುಗಳಿಗೆ ಕೈಮುಗಿದರು. ನಾನು ಕಣ್ಣು ಮುಚ್ಚಿಕೊಂಡೆ.

ಗೇಟಿನಲ್ಲಿ ವಾಚ್‌ಮನ್ ಓಡಿಬಂದ. "ಅಯ್ಯೋ, ಮೇಡಂಗೆ ಏನಾಯ್ತಜ್ಜಿ?"

"ಏನೂ ಇಲ್ಲಪ್ಪ," ಅಂದರು ಅತ್ತೆ, ನೂಕುತ್ತಲೇ. "ನಿಯಮ ನೋಡಕ್ಕೆ ಹೋಗಿದ್ಲು."

ಮನೆ ತಲುಪುವವರೆಗೆ ನನಗೆ ಆ ಸೊಪ್ಪಿನ ಚೀಲದೊಳಗೆ ಮುಖ ಹಾಕಬೇಕೆನಿಸಿತ್ತು.

ಮೂಳೆಗೇನೂ ಆಗಿಲ್ಲ, ಉಳುಕಿದೆ ಅಷ್ಟೇ ಎಂದರು ಡಾಕ್ಟರು. ಬಟ್ಟೆ ಕಟ್ಟಿ, ಓಡಾಡಬೇಡಿ, ತಿಕ್ಕಬೇಡಿ ಎಂದು ಕಳಿಸಿದರು. ಮಾರನೇ ದಿನ ಮಧ್ಯಾಹ್ನ ಅತ್ತೆ ಹರಳೆಣ್ಣೆ ಬೆಚ್ಚಗೆ ಮಾಡಿಕೊಂಡು ಸಣ್ಣ ಗೇಟು ದಾಟಿ ಬಂದರು. ಪಡಸಾಲೆಯ ಚಾಪೆಯ ಮೇಲೆ ನನ್ನ ಎದುರಿಗೆ ಕೂತರು. ಕೂತು ಎರಡೂ ಕಾಲನ್ನು ಉದ್ದಕ್ಕೆ ಚಾಚಿದರು. ನನ್ನ ಮನೆಯಲ್ಲಿ, ನನ್ನ ಎದುರು, ಮೊದಲನೇ ಸಲ. ಆಮೇಲೆ ನನ್ನ ಕಾಲು ಎಳೆದು ತಮ್ಮ ತೊಡೆಯ ಮೇಲಿಟ್ಟುಕೊಂಡರು. ನಾನು ಹಿಂದಕ್ಕೆ ಸೆಳೆದೆ.

"ಇಡೇ ಇಲ್ಲಿ. ಡಾಕ್ಟ್ರು ತಿಕ್ಬೇಡ ಅಂದವ್ರೆ, ಸವರ್ಬೇಡ ಅಂದಿಲ್ಲ."

ಬಟ್ಟೆ ಬಿಚ್ಚಿ, ಎಣ್ಣೆ ಹಚ್ಚಿ, ಹೆಬ್ಬೆರಳಿನಿಂದ ಮೇಲಿಂದ ಮೇಲೆ ಸವರಿದರು. ಅಷ್ಟೂ ವರ್ಷ ನನ್ನ ಮುಂಗೈಯ ಮೇಲಿದ್ದ ಕೈ. ಸವರುತ್ತಲೇ ಅಂದರು, "ನಿನ್ ಮುಂದೆ ಕಾಲ್ ಮಡುಚ್ಕಂಡ್ ಕೂತೂ ಕೂತೂ ನನ್ ಮಂಡಿ ಹೋಯ್ತು."

"ನೀವ್ಯಾಕೆ ಮಡಚ್ತಿದ್ರಿ ಅತ್ತೆ?"

"ಇನ್ನೇನ್ ಮಾಡ್ಲಿ? ಇಂಗ್ಲೀಷ್ ಸ್ಕೂಲಲ್ಲಿ ಓದ್ದೋಳು. ನೀನ್ ಬೊಂಬೆ ಕೂರ್ಸಿದಂಗೆ ಕೂತಿರ್ತಿದ್ದೆ. ನಾನೊಬ್ಳು ನಿನ್ನೆದ್ರು ಚಾಚ್ಕಂಡ್ ಬಿದ್ದಿದ್ರೆ ನೀನೇನ್ ಅಂದ್ಕಳ್ತೀಯೋ ಅಂತ." ಅಷ್ಟು ಹೇಳಿ ನೋಯುವ ಜಾಗವನ್ನು ಬೇಕೆಂದೇ ಸ್ವಲ್ಪ ಒತ್ತಿದರು. ನಾನು ಹಾ ಎಂದೆ. "ಇನ್ನೊಂದ್ ಸಲ ವಾಚ್‌ಮನ್ ಹತ್ರ ಏನಾರ ಹೇಳಿದ್ರೆ ಇನ್ನೊಂದ್ ಕಾಲೂ ಉಳುಕ್ಸ್ತೀನಿ."

ಹೇಳಲ್ಲ ಎಂದೆ. ನಾನು ತಲೆ ತಗ್ಗಿಸಿದೆ, ಆದರೆ ಕಾಲು ಅವರ ತೊಡೆಯ ಮೇಲೇ ಇತ್ತು. ಸ್ವಲ್ಪ ಹೊತ್ತಿಗೆ ನಾನೇ, "ರಾಗಿ ಮೆದೆ ಹಿಂದೆ ಏನಾಯ್ತು ಅತ್ತೆ?" ಎಂದು ಕೇಳಿದೆ. ಅವರು ನಕ್ಕು ಬಾಯಿಗೆ ಎಣ್ಣೆಯ ಕೈ ಅಡ್ಡ ಹಿಡಿದರು. ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ಆ ಹೊತ್ತಿಗೆ ಸಣ್ಣ ಗೇಟು ಕಿರುಗುಟ್ಟಿತು. ಓರಗಿತ್ತಿ ಸಾಸಲಿನಿಂದ ಬಂದಿದ್ದಳು. ಕೈಯಲ್ಲಿ ಸೀಮಂತದ ತಂಬಿಟ್ಟಿನ ಡಬ್ಬಿ. ಸೊಟ್ಟ ಮಡ್‌ಗಾರ್ಡ್ ನೋಡಿಕೊಂಡೇ ಬಂದಿದ್ದಳೆಂದು ಮುಖದಲ್ಲೇ ಗೊತ್ತಾಯಿತು. ಏನೋ ಕೂಗಲು ಬಾಯಿ ತೆರೆದವಳು ಹೊಸ್ತಿಲಲ್ಲೇ ನಿಂತಳು. ಅತ್ತೆಯ ಚಾಚಿದ ಕಾಲು, ತೊಡೆಯ ಮೇಲಿನ ನನ್ನ ಪಾದ, ಎಣ್ಣೆಯ ಬಟ್ಟಲು, ಒಂದೊಂದನ್ನೇ ನೋಡಿದಳು.

"ಏನತ್ತೆ, ವರ್ಷ ಪೂರ್ತಿ ತಲೆ ಸುತ್ತಿ ಬಿದ್ದಿದ್ನಲ್ಲ, ನಂಗೊಂದಿನ ಹಣೆಗೆ ಎಣ್ಣೆ ಹಚ್ಲಿಲ್ಲ ನೀವು," ಎಂದಳು. ನಗುತ್ತಲೇ ಹೇಳಿದಳು. ಆದರೆ ಡಬ್ಬಿ ಹಿಡಿದಿದ್ದ ಕೈ ತಾನಾಗಿ ಹೊಟ್ಟೆಯ ಹತ್ತಿರ ಹೋಗಿತ್ತು, ಹೊಕ್ಕುಳಿಗಿಂತ ಸ್ವಲ್ಪ ಮೇಲೆ. ಆ ಜಾಗ ನನಗೆ ಚೆನ್ನಾಗಿ ಗೊತ್ತು.

"ನೀನ್ ಕೇಳಿದ್ಯೇನೇ?" ಅಂದರು ಅತ್ತೆ.

ಅವಳು ನನಗಿಂತ ಹಿರಿಯಳು. ಬಾಗಿಲಿಗೆದುರಾಗಿ ನನ್ನ ಅಂಗಾಲು ನೆಟ್ಟಗೆ ಅವಳ ಕಡೆಗಿತ್ತು. ಅಕ್ಕ ಬಂದಳು ಎಂದು ಮಂಡಿಯಲ್ಲಿ ಒಂದು ಸೆಳೆತ ಬಂತು. ಕಾಲನ್ನು ಅಲ್ಲೇ ಇಟ್ಟೆ. ಇನ್ನೂ ಸ್ವಲ್ಪ ಚಾಚಿದೆ. ಅತ್ತೆ ಬಟ್ಟಲಿನಲ್ಲಿ ಬೆರಳದ್ದಿ ಮತ್ತೆ ಸವರತೊಡಗಿದರು. ಮೂರು ದಿನಕ್ಕೆ ಊತ ಇಳಿದುಹೋಗಿತ್ತು. ದಿನಾ ಎಣ್ಣೆ ಸವರಿಸಿಕೊಂಡು, ಕಾಲಿಗೆ ಕಟ್ಟಿದ ಬಟ್ಟೆ ನಾನು ಬಿಚ್ಚಿಟ್ಟದ್ದು ಒಂಬತ್ತನೇ ದಿನ.